ಮೆಟ್ಟಿಲ ಕಂಬಿಗೆ ಒಂದು ಕರವಸ್ತ್ರ

ವಸತಿ ನಿರ್ವಹಣಾ ಕಚೇರಿಯಲ್ಲಿ ಲಂಚ ಪೂರ್ತಿಯಾಗಿ ನಿಂತುಹೋಗಿತ್ತು. ಇದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಏಕೆಂದರೆ ಕಚೇರಿಯ ಬಾಗಿಲಲ್ಲೇ ಹಾಗೆಂದು ದಪ್ಪ ಅಕ್ಷರಗಳಲ್ಲಿ ಬರೆದು ತೂಗುಹಾಕಿದ್ದರು. ನಗದು ಮುಟ್ಟುವಂತಿಲ್ಲ, ಅಂಗಡಿಯಿಂದ ಕೊಂಡು ತಂದ ವಸ್ತುವನ್ನೂ ಮುಟ್ಟುವಂತಿಲ್ಲ. ಮೇಲಿನವರು ಹೊರಡಿಸಿದ ಆದೇಶ ಅಷ್ಟು ಬಿಗಿಯಾಗಿತ್ತು. ಅದರ ಕೊನೆಯಲ್ಲಿ ಒಂದೇ ಒಂದು ವಿನಾಯಿತಿ ಇತ್ತು: ‘ಸಾರ್ವಜನಿಕರು ತಮ್ಮ ಸ್ವಂತ ಕೈಯಾರೆ ತಯಾರಿಸಿ ಪ್ರೀತಿಪೂರ್ವಕವಾಗಿ ನೀಡುವ ವಸ್ತುಗಳಿಗೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲವಾದ ಕಾರಣ, ಅವುಗಳನ್ನು ನಿರಾಕರಿಸಿ ಸಾರ್ವಜನಿಕರ ಮನಸ್ಸನ್ನು ನೋಯಿಸತಕ್ಕದ್ದಲ್ಲ.’ ಕಚೇರಿಯವರು ಮೊದಲಿನಿಂದಲೂ ಮೃದು ಮನಸ್ಸಿನವರು. ಇನ್ನು ಮುಂದೆ ಯಾರ ಮನಸ್ಸನ್ನೂ ನೋಯಿಸಬಾರದೆಂದು ಅವತ್ತೇ ತೀರ್ಮಾನ ಮಾಡಿಬಿಟ್ಟರು.

ಈ ಸುಧಾರಣೆಯ ಸುದ್ದಿ ನಿವೃತ್ತ ಭೂಗೋಳದ ಮೇಷ್ಟ್ರಿಗೆ ತಲುಪಿರಲಿಲ್ಲ. ಅವರು ಗಂಡ ಹೆಂಡತಿ ಕಚೇರಿಗೆ ಸೇರಿದ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಕಟ್ಟಡಕ್ಕೆ ಮೆಟ್ಟಿಲುಗಳಿದ್ದವು, ಹಿಡಿದುಕೊಳ್ಳುವ ಕಂಬಿ ಇರಲಿಲ್ಲ. ನಕ್ಷೆಯಲ್ಲಿ ಇತ್ತಂತೆ, ಕಟ್ಟುವಾಗ ಎಲ್ಲೋ ಬಿದ್ದುಹೋಗಿತ್ತು. ಮಳೆಗಾಲದಲ್ಲಿ ಒಮ್ಮೆ ಮೇಷ್ಟ್ರ ಹೆಂಡತಿ ಒದ್ದೆ ಮೆಟ್ಟಿಲ ಮೇಲೆ ಜಾರಿ ಮಂಡಿ ಮುರಿದುಕೊಂಡಳು. ಮೂಳೆ ಕೂಡಿತು, ಧೈರ್ಯ ಕೂಡಲಿಲ್ಲ. ಇಬ್ಬರು ಅಕ್ಕಪಕ್ಕ ನಡೆಯಲಾರದಷ್ಟು ಕಿರಿದಾದ ಮೆಟ್ಟಿಲು ಅದು. ಮೇಷ್ಟ್ರು ಒಂದು ಸಲ ಕೈಹಿಡಿದು ಇಳಿಸಲು ಹೋಗಿ, ಇಬ್ಬರೂ ಅರ್ಧದಲ್ಲೇ ಕೂತುಬಿಟ್ಟಿದ್ದರು. ಅಂದಿನಿಂದ ಆಕೆ ಕೆಳಗಿಳಿದಿರಲಿಲ್ಲ.

ಎದುರು ಸಾಲಿನ ಕೆಳಮನೆಯಲ್ಲೇ ಆಕೆಯ ತಂಗಿ ಇದ್ದಳು. ತಂಗಿಗೆ ಆಸ್ತಮಾ, ಮೂರು ಮಹಡಿ ಹತ್ತಲಾಗದು. ದಿನಾ ಸಂಜೆ ಅವಳು ಬೀದಿಯಲ್ಲಿ ನಿಂತು ತಲೆಯೆತ್ತಿ ಕೂಗುವುದು, ಅಕ್ಕ ಕಿಟಕಿಯಿಂದ ಬಗ್ಗಿ ಕೂಗುವುದು. ಅಕ್ಕತಂಗಿಯರ ಗುಟ್ಟೆಲ್ಲ ಬೀದಿಗೆ ಗೊತ್ತಾಗತೊಡಗಿದ ಮೇಲೆ ಮಾತು ಕಡಿಮೆಯಾಯಿತು, ಸುಮ್ಮನೆ ಒಬ್ಬರನ್ನೊಬ್ಬರು ನೋಡುವುದಷ್ಟೇ ಉಳಿಯಿತು. ಮೇಷ್ಟ್ರಿಗೆ ಅದನ್ನು ನೋಡಲಾಗಲಿಲ್ಲ. ತನ್ನ ಖರ್ಚಿನಲ್ಲೇ ಕಂಬಿ ಹಾಕಿಸುತ್ತೇನೆ, ಅನುಮತಿ ಕೊಟ್ಟರೆ ಸಾಕು ಎಂದು ದುಂಡಗೆ ಅರ್ಜಿ ಬರೆದು ಕಚೇರಿಗೆ ಹೋದರು.

ಕಿಟಕಿಯ ಗುಮಾಸ್ತ ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

“ಅಕ್ಷರ ಅಂದ್ರೆ ಹೀಗಿರ್ಬೇಕು ಮೇಷ್ಟ್ರೇ. ಎಲ್ಲಾ ಸರಿಯಾಗಿದೆ. ಪ್ರೀತಿ ಎಲ್ಲಿ?”

“ಏನೆಲ್ಲಿ?”

“ಪ್ರೀತಿ. ಕೊನೇ ಕಲಂ ನೋಡಿ, ಖಾಲಿ ಬಿಟ್ಟಿದ್ದೀರಿ.”

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನೋಡಿದರು. ‘ಅರ್ಜಿದಾರರು ಈ ಕಚೇರಿಯ ಬಗ್ಗೆ ಹೊಂದಿರುವ ಪ್ರೀತಿ: ಉದ್ದ, ಅಗಲ, ಬಣ್ಣ’ ಎಂದಿತ್ತು.

“ನಾವಾಗಿ ಏನೂ ಕೇಳಲ್ಲ ಸಾರ್” ಎಂದ ಗುಮಾಸ್ತ. “ಕೇಳಿದ್ರೆ ಲಂಚ ಆಗುತ್ತೆ. ನೀವಾಗೇ ಕೊಡ್ಬೇಕು. ನನಗೊಂದು ಕರವಸ್ತ್ರ, ತಿಳಿ ನೀಲಿ, ಮೂಲೇಲಿ ಒಂದು ಹೂವು. ಅಧೀಕ್ಷಕಿಯವರಿಗೆ ದಿಂಬಿನ ಕವರು. ಸಾಹೇಬ್ರಿಗೆ ಮಂಚದ ಹಾಸು. ಅದೂ ನಿಮಗೆ ಇಷ್ಟ ಇದ್ರೆ.”

“ಇಷ್ಟ ಇಲ್ದಿದ್ರೆ?”

“ಬಲವಂತ ಏನಿಲ್ಲ. ಅರ್ಜಿಗೂ ಬಲವಂತ ಇಲ್ಲ. ಅದು ಇಲ್ಲೇ ಆರಾಮಾಗಿ ಇರುತ್ತೆ.”

ಮೇಷ್ಟ್ರಿಗೆ ಜೀವ ಬಂತು. “ಅಷ್ಟೇ ತಾನೆ? ನಮ್ಮನೆಯವಳು ಬಹಳ ಚೆನ್ನಾಗಿ ಹೊಲೀತಾಳೆ. ನಾಳೆನೇ ತಂದುಕೊಡ್ತೀನಿ.”

ಗುಮಾಸ್ತ ಎರಡೂ ಕಿವಿ ಮುಚ್ಚಿಕೊಂಡ. “ಸಾರ್, ನಾನಿದನ್ನ ಕೇಳಿಸ್ಕೊಂಡಿಲ್ಲ. ಹೆಂಡ್ತಿ ಹೊಲಿದಿದ್ದನ್ನ ತಂದು ತಮ್ಮದು ಅಂತ ಕೊಡೋದು ಶುದ್ಧ ಭ್ರಷ್ಟಾಚಾರ. ಬಾಡಿಗೆ ಯಾರ ಹೆಸರಲ್ಲಿದೆಯೋ ಅವರೇ ಹೊಲೀಬೇಕು. ಹೋದ ತಿಂಗಳು ಒಬ್ರು ಸಿಕ್ಕಿಬಿದ್ರು. ಸೂಜಿಗೆ ದಾರ ಪೋಣಿಸಿ ಅಂದೆ, ಬೆವರಿಬಿಟ್ರು ಪಾಪ. ಇಂಥ ವಿಷಯದಲ್ಲಿ ನಾವು ಯಾರ ಮುಖವನ್ನೂ ನೋಡಲ್ಲ.”

ಬಾಡಿಗೆ ಮೇಷ್ಟ್ರ ಹೆಸರಲ್ಲಿತ್ತು. ಮೇಷ್ಟ್ರು ತಮ್ಮ ಜನ್ಮದಲ್ಲಿ ಒಂದು ಗುಂಡಿ ಹೊಲಿದವರಲ್ಲ.

ಮನೆಯಲ್ಲಿ ಪಾಠ ಶುರುವಾಯಿತು. ಜೀವಮಾನವಿಡೀ ಪಾಠ ಹೇಳಿದವರಿಗೆ ಪಾಠ ಹೇಳುವಷ್ಟು ಕಷ್ಟದ ಕೆಲಸ ಬೇರೊಂದಿಲ್ಲ ಎಂಬುದು ಹೆಂಡತಿಗೆ ಮೊದಲ ದಿನವೇ ಗೊತ್ತಾಯಿತು. ದಾರದ ತುದಿಯನ್ನು ಎಂಜಲಲ್ಲಿ ನೆನೆಸಿ ಹೊಸೆಯಬೇಕು ಎಂದರೆ, ಮೇಷ್ಟ್ರು ಯಾಕೆ ಎಂದು ಕೇಳುತ್ತಿದ್ದರು. ಗಂಟು ಹಿಂದುಗಡೆ ಬರಬೇಕು ಎಂದರೆ, ಹಿಂದುಗಡೆ ಅನ್ನುವುದು ನೋಡುವವನ ಸ್ಥಾನದ ಮೇಲೆ ಹೋಗುತ್ತದೆ ಎನ್ನುತ್ತಿದ್ದರು.

“ರೀ, ಸೂಜೀನ ಸೀಮೆಸುಣ್ಣ ಹಿಡಿದ ಹಾಗೆ ಹಿಡೀಬೇಡಿ” ಎಂದಳು ಆಕೆ. “ಬಟ್ಟೇನ ಹೆದರಿಸಬೇಡಿ. ಅದು ನಿಮ್ಮ ಕ್ಲಾಸಿನ ಹುಡುಗ ಅಲ್ಲ. ಮೆಲ್ಲಗೆ ಹೇಳಿದ್ರೆ ಬರುತ್ತೆ.”

ಬೆರಳಿಗೆ ಚುಚ್ಚಿ ಚುಚ್ಚಿ, ತಿಳಿ ನೀಲಿ ಬಟ್ಟೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಬಿದ್ದವು. ಆಕೆ ಅವುಗಳನ್ನು ತಣ್ಣೀರಲ್ಲಿ ತೊಳೆದು, ಇಸ್ತ್ರಿ ಹಾಕಿ, ಮಡಚಿ ಕೈಗಿಟ್ಟಳು. ಕರವಸ್ತ್ರದ ನಾಲ್ಕು ಮೂಲೆಗಳು ನಾಲ್ಕು ದಾರಿ ಹಿಡಿದಿದ್ದವು.

ಗುಮಾಸ್ತ ಅದನ್ನು ಬೆಳಕಿಗೆ ಹಿಡಿದ. “ಇದು ಯಾವ ದ್ವೀಪ?”

“ಅದು ಹೂವು.”

“ಹೂವಿಗೆ ಬಂದರು ಯಾಕಿದೆ?”

ಮೇಷ್ಟ್ರು ಬಗ್ಗಿ ನೋಡಿದರು. ನಿಜಕ್ಕೂ ಒಂದು ಕಡೆ ಬಂದರಿನ ಹಾಗೆ ಒಳಸರಿದಿತ್ತು. ಗುಮಾಸ್ತ ‘ಮೂಲೆ ಸರಿಯಿಲ್ಲ. ಬಿಚ್ಚಿ ಹೊಲಿದು ತರುವುದು’ ಎಂದು ಚೀಟಿ ಅಂಟಿಸಿ ಹಿಂದಿರುಗಿಸಿದ. ಪ್ರೀತಿಯಲ್ಲಿ ಅಸಡ್ಡೆಯನ್ನು ಕಚೇರಿ ಸಹಿಸುತ್ತಿರಲಿಲ್ಲ.

ಬಿಚ್ಚಿ ಹೊಲಿಯುವವರು ಅವರೊಬ್ಬರೇ ಆಗಿರಲಿಲ್ಲ. ಕಚೇರಿಯ ಪಡಸಾಲೆಯ ಬೆಂಚುಗಳ ತುಂಬಾ ಜನ ತಲೆ ಬಗ್ಗಿಸಿ ಕೂತಿರುತ್ತಿದ್ದರು. ನಲ್ಲಿ ಸಂಪರ್ಕ ಬೇಕಾಗಿದ್ದ ಲಾರಿ ಚಾಲಕ ನೆರಿಗೆ ಹಿಡಿಯುತ್ತಿದ್ದ. ಸೋರುವ ಛಾವಣಿಯ ದೂರು ಹೊತ್ತು ಬಂದ ಕಟುಕ ಮೇಜುಹಾಸಿನ ಅಂಚಿಗೆ ಗುಬ್ಬಚ್ಚಿಗಳನ್ನು ಕೂರಿಸುತ್ತಿದ್ದ, ಅವನ ಗುಬ್ಬಚ್ಚಿಗಳು ಬಹಳ ಮುದ್ದಾಗಿದ್ದವು. ಗೋಡೆಯ ಮೇಲೆ ಸೂಚನೆಗಳಿದ್ದವು: ‘ಹೊಲಿಗೆ ಯಂತ್ರವನ್ನು ಕಚೇರಿಯ ಆವರಣಕ್ಕೆ ತರುವುದು ಶಿಕ್ಷಾರ್ಹ ಅಪರಾಧ.’ ‘ಸೂಜಿ ಕಳೆದುಕೊಂಡವರು ಇತರರು ಕುಳಿತುಕೊಳ್ಳುವ ಮುನ್ನವೇ ತಿಳಿಸತಕ್ಕದ್ದು.’ ಹೊರಗಿನಿಂದ ಬಂದ ತನಿಖಾ ತಂಡವೊಂದು ಇದನ್ನೆಲ್ಲ ನೋಡಿ, ಇಷ್ಟು ಶಾಂತವಾದ ಸರ್ಕಾರಿ ಕಚೇರಿಯನ್ನು ತಾವು ಎಲ್ಲೂ ಕಂಡಿಲ್ಲವೆಂದು ಬರೆದುಕೊಟ್ಟು, ತಲೆಗೊಂದರಂತೆ ಕೈಚೀಲ ಹಿಡಿದು ಹೊರಟುಹೋಯಿತು.

ಇಷ್ಟೊಂದು ಪ್ರೀತಿಯನ್ನು ಇಡುವುದಾದರೂ ಎಲ್ಲಿ? ಸಾಹೇಬರ ಮನೆಯಲ್ಲಿ ದಿಂಬುಗಳಿಗಿಂತ ಕವರುಗಳು ಹೆಚ್ಚಾದವು. ಕೊನೆಗೆ ಸಾಹೇಬರ ನಾದಿನಿ ಮುಖ್ಯ ರಸ್ತೆಯಲ್ಲಿ ಕೈಕೆಲಸದ ಉಡುಗೊರೆಗಳ ಅಂಗಡಿ ತೆರೆದರು. ಬೆಲೆಯಿಲ್ಲದ ವಸ್ತುಗಳಿಗೆ ಅಲ್ಲಿ ಒಳ್ಳೆಯ ಬೆಲೆಯಿತ್ತು. ಹುಟ್ಟುಹಬ್ಬಕ್ಕೋ ಹೊಸ ಮನೆಗೋ ಉಡುಗೊರೆ ಬೇಕಾದವರು ಅಲ್ಲಿಗೇ ಹೋಗುತ್ತಿದ್ದರು. ಲಾರಿ ಚಾಲಕ ತನ್ನದೇ ನೆರಿಗೆಯ ಲಂಗವನ್ನು ಅಲ್ಲಿ ನೋಡಿ, ಚೌಕಾಸಿ ಮಾಡಿ ಮಗಳಿಗೆ ಕೊಂಡುಹೋದ. ಮಗಳಿಗೆ ಖುಷಿಯಾಯಿತು.

ಮೇಷ್ಟ್ರ ಹೂವು ಮೆಲ್ಲಮೆಲ್ಲಗೆ ಹೂವಾಯಿತು. ಕರವಸ್ತ್ರ ಪಾಸಾಯಿತು. ಅಧೀಕ್ಷಕಿಯವರ ದಿಂಬಿನ ಕವರು, ಅವರ ಪರದೆಯ ಬಣ್ಣಕ್ಕೆ ಹೊಂದಲಿಲ್ಲವೆಂದು ಒಮ್ಮೆ, ಹೊಂದಿದ ಮೇಲೆ ಅವರು ಪರದೆ ಬದಲಾಯಿಸಿದ್ದರಿಂದ ಇನ್ನೊಮ್ಮೆ ಹಿಂದಕ್ಕೆ ಬಂದು, ಆಮೇಲೆ ಪಾಸಾಯಿತು. ಈ ನಡುವೆ ಮೇಷ್ಟ್ರಿಗೆ ಏನೋ ಆಗಿಹೋಗಿತ್ತು. ಬೆಳಿಗ್ಗೆ ಎದ್ದ ಕೂಡಲೇ ಕೈ ಸೂಜಿ ಹುಡುಕುತ್ತಿತ್ತು. ಊಟಕ್ಕೆ ಕೂತರೆ ಹೆಂಡತಿಯ ಸೆರಗಿನ ಅಂಚು ತಿರುಗಿಸಿ ಹೊಲಿಗೆ ನೋಡುತ್ತಿದ್ದರು. ಕಂಬಿಯ ಮಾತು ಕಡಿಮೆಯಾಯಿತು, ದಾರದ ಮಾತು ಹೆಚ್ಚಾಯಿತು.

ಸಾಹೇಬರ ಮಂಚದ ಹಾಸಿಗೆಂದು ಅವರು ಇಡೀ ಭೂಪಟವನ್ನೇ ಹೊಲಿದರು. ಖಂಡಗಳಿಗೆ ಹಳೇ ಸೀರೆಯ ತುಂಡು, ಸಮುದ್ರಕ್ಕೆ ಏಳೆಂಟು ಬಗೆಯ ನೀಲಿ, ನದಿಗಳಿಗೆ ಸರಪಳಿ ಹೊಲಿಗೆ. ಹೆಂಡತಿ ಒಂದು ಸೂಜಿಯನ್ನೂ ಮುಟ್ಟಲಿಲ್ಲ, ಆದರೆ ಕಣ್ಣಲ್ಲೇ ಹೊಲಿದಳು. ತಪ್ಪಿದ ಕಡೆ ಗಂಟಲು ಸರಿಮಾಡಿಕೊಳ್ಳುವಳು, ಮೇಷ್ಟ್ರು ಬಿಚ್ಚುವರು. ಅಷ್ಟು ಚಂದದ ಹಾಸನ್ನು ಆ ಕಚೇರಿ ಅಲ್ಲಿಯವರೆಗೆ ಕಂಡಿರಲಿಲ್ಲ.

ಸಾಹೇಬರು ಅದರ ಮೇಲೆ ಅಂಗೈ ಆಡಿಸಿದರು. ಆಮೇಲೆ ಅಂದರು: “ಮೇಷ್ಟ್ರೇ, ಇದರ ಮೇಲೆ ಮಲಗಿದ್ರೆ ಪಾಪ ತಟ್ಟುತ್ತೆ. ಇದನ್ನ ಪಡಸಾಲೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಡೋಣ. ಜೊತೆಗೆ ನಿಮ್ಮ ಅರ್ಜಿ, ಕಡತ ಎಲ್ಲಾ. ಮಾದರಿ ಕಡತ ಅಂತ. ಬಂದವರು ನೋಡಿ ಕಲೀಲಿ.”

“ಸಂತೋಷ ಸಾರ್. ಅನುಮತಿ?”

“ಅನುಮತಿ ಕೊಟ್ರೆ ಕಡತ ಮುಕ್ತಾಯ ಆಗುತ್ತೆ. ಮುಕ್ತಾಯ ಆದ ಕಡತ ಗೋದಾಮಿಗೆ ಹೋಗ್ಬೇಕು. ಆಗ ಪೆಟ್ಟಿಗೇಲಿ ಏನಿಡೋದು, ನೀವೇ ಹೇಳಿ.”

ಮೇಷ್ಟ್ರು ಯೋಚಿಸಿದರು. ಪೆಟ್ಟಿಗೆಯನ್ನು ಖಾಲಿ ಇಡುವುದು ಸರಿಯಲ್ಲ ಎಂದು ಅವರಿಗೂ ಅನ್ನಿಸಿತು. ಅಲ್ಲದೆ ಸಾಹೇಬರು ಅದೇ ಕ್ಷಣದಲ್ಲಿ ಅವರನ್ನು ಗೌರವ ಪರಿಶೀಲಕರನ್ನಾಗಿ ನೇಮಿಸಿದರು. ಬರುವ ಕೈಕೆಲಸವನ್ನೆಲ್ಲ ನೋಡಿ, ತಕ್ಕದ್ದನ್ನು ಸ್ವೀಕರಿಸಿ, ಕಳಪೆಯಾದದ್ದನ್ನು ಮಾಡಿದವರಿಗೇ ಹಿಂದಿರುಗಿಸುವ ಹುದ್ದೆ. ಸಂಬಳವಿಲ್ಲ, ಕುರ್ಚಿಯಿದೆ.

ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಮನೆಗೆ ಬಂದ ಗಂಡನನ್ನು ಹೆಂಡತಿ ಮೇಲಿಂದ ಕೆಳಗೆ ನೋಡಿದಳು.

“ಕಂಬಿ?”

“ಅದೇ ಹೇಳ್ಬೇಕು ಅಂತಿದ್ದೆ. ನಮ್ಮ ಕಡತ ಗಾಜಿನ ಪೆಟ್ಟಿಗೇಲಿದೆ. ದೊಡ್ಡ ಮರ್ಯಾದೆ ಅದು.”

“ನಾನೂ ಗಾಜಿನ ಹಿಂದೇನೇ ಇದ್ದೀನಿ” ಎಂದು ಆಕೆ ಕಿಟಕಿ ತೋರಿಸಿದಳು. “ನನಗೆ ಯಾವ ಮರ್ಯಾದೇನೂ ಕಾಣಿಸ್ತಿಲ್ಲ.”

ಮೇಷ್ಟ್ರ ಮುಖ ಸಣ್ಣದಾಯಿತು. ಆದರೆ ಮರುದಿನ ಒಂಬತ್ತಕ್ಕೇ ಕುರ್ಚಿಯಲ್ಲಿದ್ದರು, ಮೊದಲ ದಿನವೇ ತಡವಾಗಿ ಹೋಗಬಾರದೆಂದು.

ಗಂಡ ಅಲ್ಲಿ ಊರಿನವರ ಗುಂಡಿಯ ಕಾಜಾ ಬಿಚ್ಚಿಸುತ್ತಿರುವಾಗ, ಹೆಂಡತಿ ಇಲ್ಲಿ ಭೂಪಟದಿಂದ ಮಿಕ್ಕಿದ ಚೂರುಗಳ ಗಂಟು ಬಿಚ್ಚಿದಳು. ಸಮುದ್ರದ ನೀಲಿ, ಖಂಡಗಳ ಕಂದು, ಹಸಿರು ಎಲ್ಲವನ್ನೂ ಪಟ್ಟಿ ಪಟ್ಟಿಯಾಗಿ ಸೀಳಿ, ಜಡೆ ಹೆಣೆದು, ಜಡೆಗೆ ಜಡೆ ಸೇರಿಸಿ ಹೊಲಿದಳು. ಕೈ ಜಾರದಿರಲೆಂದು ಎರಡೆರಡು ಮೆಟ್ಟಿಲಿಗೊಂದು ಗಂಟು ಬರುವಂತೆ ನೋಡಿಕೊಂಡಳು. ದಿನಗಳು ಹಿಡಿದವು. ಕೇಳಿದರೆ “ಏನೋ ಹೊತ್ತು ಹೋಗಲಿ ಅಂತ” ಎನ್ನುತ್ತಿದ್ದಳು. ಹೊಲಿಗೆಯನ್ನು ನೋಡಿದರೂ, ಅದಕ್ಕಿಂತ ಹೆಚ್ಚು ಕೇಳುವಷ್ಟು ಬಿಡುವು ಪರಿಶೀಲಕರಿಗಿರಲಿಲ್ಲ.

ಒಂದು ಬೆಳಿಗ್ಗೆ ಗಂಡ ಹೊರಟ ಮೇಲೆ ಆಕೆ ಹಗ್ಗದ ಒಂದು ತುದಿಯನ್ನು ಬಾಗಿಲ ಚಿಲಕದ ಪಕ್ಕದ ಕಬ್ಬಿಣದ ಬಳೆಗೆ ಬಿಗಿದಳು. ಪ್ರತಿ ಮಹಡಿಯ ಗಾಳಿಕಿಂಡಿಯ ಸರಳಿಗೂ ಒಂದೊಂದು ಸುತ್ತು ಹಾಕುತ್ತ, ಹಿಡಿದುಕೊಳ್ಳುತ್ತ, ಮೆಟ್ಟಿಲ ಮೇಲೆ ಕೂತು ಏಳುತ್ತ ಕೆಳಗಿಳಿದು, ಇನ್ನೊಂದು ತುದಿಯನ್ನು ಗೇಟಿನ ಕಂಬಕ್ಕೆ ಕಟ್ಟಿದಳು. ಬೀದಿಗೆ ಕಾಲಿಟ್ಟಾಗ ಆಕೆಯ ಮುಖ ಬೆಳಗುತ್ತಿತ್ತು. ಬಾಗಿಲಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ತಂಗಿ ತಲೆಯೆತ್ತಿ, ಅಭ್ಯಾಸಬಲದಿಂದ ಮೊದಲು ಮೂರನೇ ಮಹಡಿಯ ಕಿಟಕಿಯನ್ನೇ ನೋಡಿದಳು. ಆಮೇಲೆ ಎದುರಿಗೆ ನಿಂತವಳನ್ನು ನೋಡಿದಳು. ಇಬ್ಬರೂ ಕೂತು ಚೆನ್ನಾಗಿ ಅತ್ತರು, ಬಹಳ ದಿನದ ಮೇಲೆ ಯಾರಿಗೂ ಕೇಳಿಸದ ಹಾಗೆ ಮಾತಾಡಿದರು.

ಆ ಹಗ್ಗ ಹಾಗೇ ಇದ್ದುಬಿಡುತ್ತಿತ್ತೇನೋ. ಕೆಡಿಸಿದ್ದು ಎರಡನೇ ಮಹಡಿಯ ಮುದುಕರು. ಅವರು ಅವತ್ತೇ ಹಗ್ಗ ಹಿಡಿದು ಸಲೀಸಾಗಿ ಇಳಿದರು, ಇಷ್ಟು ಒಳ್ಳೆಯ ವ್ಯವಸ್ಥೆ ಮಾಡಿದವರಿಗೆ ಒಂದು ಮಾತು ಹೇಳದಿದ್ದರೆ ಹೇಗೆ ಎಂದು ನೇರ ಕಚೇರಿಗೆ ಹೋಗಿ ಧನ್ಯವಾದ ಹೇಳಿಬಿಟ್ಟರು.

ಕಚೇರಿ ಬೆಚ್ಚಿಬಿತ್ತು. ಮಾಡದ ಕೆಲಸಕ್ಕೆ ಧನ್ಯವಾದ ಬಂದದ್ದು ಅದೇ ಮೊದಲು. ಗುಮಾಸ್ತ ನಿಯಮಾವಳಿ ತೆಗೆದ. ಕಟ್ಟಡ ಕಚೇರಿಯದು. ಕಟ್ಟಡಕ್ಕೆ ಕಟ್ಟಿರುವ ವಸ್ತು ಕೈಯಾರೆ ಮಾಡಿದ್ದು. ಕೈಯಾರೆ ಮಾಡಿ ಕಚೇರಿಗೆ ಸೇರಿಸಿದ ವಸ್ತು ಪ್ರೀತಿಯಿಂದ ಕೊಟ್ಟಿದ್ದೆಂದೇ ಅರ್ಥ. ಪ್ರೀತಿಯಿಂದ ಕೊಟ್ಟದ್ದನ್ನು ನಿರಾಕರಿಸಿ ಮನಸ್ಸು ನೋಯಿಸತಕ್ಕದ್ದಲ್ಲ. ಆದ್ದರಿಂದ ಹಗ್ಗವನ್ನು ತುರ್ತಾಗಿ ಸ್ವೀಕರಿಸಬೇಕಾಗಿತ್ತು.

ಪರಿಶೀಲನೆಗೆ ಗೌರವ ಪರಿಶೀಲಕರೇ ಹೋಗಬೇಕು, ಹೋದರು. ಮೇಷ್ಟ್ರು ಗೇಟಿನ ಕಂಬದಿಂದ ಶುರುಮಾಡಿ, ಗಂಟು ಗಂಟನ್ನೂ ಬೆರಳಲ್ಲಿ ಒತ್ತಿ ನೋಡುತ್ತ ಮೇಲೇರಿದರು. ಮೊದಲ ತಿರುವಿನಲ್ಲೇ ಅವರಿಗೆ ಹೊಲಿಗೆ ಯಾರದೆಂದು ತಿಳಿಯಿತು. ಎರಡನೇ ತಿರುವಿನಲ್ಲಿ, ಅದು ಎಷ್ಟು ದಿನದ ಕೆಲಸವೆಂದು ತಿಳಿಯಿತು. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತರು.

“ಹೇಗಿದೆ ಸಾರ್?” ಎಂದ ಗುಮಾಸ್ತ, ಚೀಟಿ ಪುಸ್ತಕ ತೆರೆದು. ಆಮೇಲೆ ದನಿ ತಗ್ಗಿಸಿದ. ಅವನೂ ಮನುಷ್ಯನೇ. “ಕಳಪೆ ಅಂತ ಬರೆದ್ರೆ ಮಾಡಿದವರಿಗೇ ವಾಪಸ್ಸು. ಹಗ್ಗ ಇಲ್ಲೇ ಇರುತ್ತೆ. ನೋಡಿ, ನಿಮ್ಮಿಷ್ಟ.”

ಮೇಷ್ಟ್ರು ಪೆನ್ನು ತೆಗೆದುಕೊಂಡರು. ‘ಕ’ ಬರೆಯಲು ಹೋದ ಕೈ ನಿಂತಿತು. ಹಗ್ಗವನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು, ಎಲ್ಲಾದರೂ ಒಂದು ಹೊಲಿಗೆ ತಪ್ಪಿರಲಿ ಎಂದು ಮನಸಾರೆ ಹಾರೈಸುತ್ತ ನೋಡಿದರು. ಹಿಂದುಗಡೆ ಕೂಡ ಮುಂದುಗಡೆಯಷ್ಟೇ ಚೊಕ್ಕವಾಗಿತ್ತು. ಇಂಥದ್ದನ್ನು ಕಳಪೆ ಎಂದು ಬರೆದು, ಸಂಜೆ ಯಾವ ಮುಖ ಹೊತ್ತು ಅವಳೆದುರು ಕೂರುವುದು? ಅವರು ‘ಅತ್ಯುತ್ತಮ’ ಎಂದು ಬರೆದು ಸಹಿ ಹಾಕಿದರು.

ಹಗ್ಗವನ್ನು ಅಂದೇ ಬಿಚ್ಚಿ, ಸುರುಳಿ ಸುತ್ತಿ, ಕಚೇರಿಗೆ ಒಯ್ದರು. ಸಾಹೇಬರ ಮನೆಯ ಬಾಲ್ಕನಿಯಲ್ಲಿ ಹೂಕುಂಡಗಳನ್ನು ತೂಗುಹಾಕಲು ಅದು ಸರಿಹೋಯಿತು. ಹಗ್ಗ ಹೋದಾಗ ಮೇಷ್ಟ್ರ ಹೆಂಡತಿ ತಂಗಿಯ ಮನೆಯಲ್ಲಿದ್ದಳು. ಇಳಿಯಲಾಗದಿದ್ದವಳು ಈಗ ಹತ್ತಲಾಗದವಳಾದಳು. ಎರಡನೇ ಮಹಡಿಯ ಮುದುಕರು ಮೊದಲಿನಂತೆ ಗೋಡೆ ತಬ್ಬಿ ಇಳಿಯತೊಡಗಿದರು, ಧನ್ಯವಾದ ಮಾತ್ರ ವಾಪಸ್ಸು ಕೇಳಲಿಲ್ಲ.

ಸಂಜೆ ಮೇಷ್ಟ್ರು ತಮ್ಮ ನಾದಿನಿಯ ಮನೆಗೆ ಬಂದು ಹೊಸಿಲಾಚೆಯೇ ನಿಂತರು. ನಾದಿನಿ ಕುರ್ಚಿ ಹಾಕಿ, “ಕೂತ್ಕೊಳ್ಳಿ ಭಾವ, ನಿಂತ್ಕೊಂಡು ತಲೆ ಬಗ್ಗಿಸಿದ್ರೆ ಕತ್ತು ನೋಯುತ್ತೆ” ಎಂದು ಒಳಗೆ ಹೋದಳು.

“ಕಳಪೆ ಅಂತ ಬರೆದಿದ್ರೆ ಹಗ್ಗ ಉಳೀತಿತ್ತಂತೆ, ಹೌದಾ?” ಎಂದಳು ಹೆಂಡತಿ.

“ಹೌದು.”

“ಏನಂತ ಬರೆದ್ರಿ?”

“ಅತ್ಯುತ್ತಮ ಅಂತ.”

ಆಕೆ ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡಳು. “ಕಳಪೆ ಅಂತ ಬರೆದಿದ್ರೆ ನಾನು ಮೇಲೆ ಬರ್ತಾನೇ ಇರ್ಲಿಲ್ಲ” ಎಂದಳು. “ಈಗ ಬರೋಕಾಗಲ್ಲ. ನೀವು ಬರೆದಿದ್ದೇ ಸರಿ ಬಿಡಿ.”

ಮೇಷ್ಟ್ರಿಗೆ ಎದೆ ಹಗುರವಾಯಿತು. ಹೆಂಡತಿ ತಂಗಿಯ ಮನೆಯಲ್ಲೇ ಉಳಿದಳು, ಮೇಷ್ಟ್ರು ದಿನಾ ಅಲ್ಲಿಗೇ ಬಂದು ಊಟ ಮಾಡಿ, ಒಬ್ಬರೇ ಮೂರು ಮಹಡಿ ಹತ್ತಿ ಮಲಗುತ್ತಿದ್ದರು. ಬೀದಿಯವರು ಇದನ್ನು ಒಳ್ಳೆಯ ಏರ್ಪಾಡು ಎಂದರು. ಆದರೆ ಮಲಗುವಾಗ ಆ ಎರಡು ಕೋಣೆ ಅವರಿಗೆ ವಿಪರೀತ ದೊಡ್ಡದಾಗಿ ಕಾಣುತ್ತಿತ್ತು.

ಹಾಗಾಗಿ ಅವರು ಹೊಸ ಅರ್ಜಿ ಬರೆದರು. ಹಳೆಯದು ಇಳಿಯಲು ಬೇಕಾದ ಕಂಬಿಗೆ, ಅದು ಗಾಜಿನ ಪೆಟ್ಟಿಗೆಯಲ್ಲಿತ್ತು. ಇದು ಹತ್ತಲು ಬೇಕಾದ ಕಂಬಿಗೆ. ಎರಡೂ ಬೇರೆ ಬೇರೆ ವಿಷಯವೆಂದು ಗುಮಾಸ್ತನೂ ಒಪ್ಪಿದ. ಕೊನೆಯ ಕಲಮನ್ನು ಈ ಸಲ ಮೇಷ್ಟ್ರು ಖಾಲಿ ಬಿಟ್ಟಿರಲಿಲ್ಲ, ಹೊಸದಾಗಿ ಹೊಲಿದ ತಿಳಿ ನೀಲಿ ಕರವಸ್ತ್ರವೊಂದನ್ನು ಅರ್ಜಿಯ ಜೊತೆಗೇ ಇಟ್ಟಿದ್ದರು. ಗುಮಾಸ್ತ ಅದನ್ನು ಪದ್ಧತಿಯಂತೆ ಗೌರವ ಪರಿಶೀಲಕರ ಮೇಜಿಗೆ ಕಳಿಸಿದ.

ಮೇಷ್ಟ್ರು ಸಾಲು ಬಿಟ್ಟು, ಮರದ ಪುಟ್ಟ ಬಾಗಿಲು ದೂಡಿ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತು, ಬಿಲ್ಲೆ ನೆಟ್ಟಗೆ ಮಾಡಿಕೊಂಡರು. ಕರವಸ್ತ್ರವನ್ನು ಬೆಳಕಿಗೆ ಹಿಡಿದರು. ಹೂವು ಚೆನ್ನಾಗಿತ್ತು. ಅಂಚು ಚೆನ್ನಾಗಿತ್ತು. ಎಡಗಡೆಯ ಮೂಲೆ ಒಂದೆಳೆಯಷ್ಟು ಓರೆಯಾಗಿತ್ತು. ಸಾಲಿನಲ್ಲಿದ್ದವರೆಲ್ಲ ಉಸಿರು ಹಿಡಿದು ನೋಡುತ್ತಿದ್ದರು. ಅರ್ಜಿದಾರರು ವಯಸ್ಸಾದವರು, ಹೆಂಡತಿಯನ್ನು ಬಿಟ್ಟು ಒಂಟಿಯಾಗಿ ಇರುವವರು ಎಂಬುದು ಪರಿಶೀಲಕರಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮನಸ್ಸು ಕರಗಿತು. ಆದರೆ ಬೇಕಾದವರೆಂದು ಒಬ್ಬರನ್ನು ಬಿಟ್ಟರೆ ನಾಳೆ ಎಲ್ಲರನ್ನೂ ಬಿಡಬೇಕಾಗುತ್ತದೆ. ‘ಮೂಲೆ ಸರಿಯಿಲ್ಲ. ಬಿಚ್ಚಿ ಹೊಲಿದು ತರುವುದು’ ಎಂದು ಬರೆದು ಚೀಟಿ ಅಂಟಿಸಿದರು.

“ಇದ್ದರೆ ಹೀಗಿರಬೇಕು” ಎಂದು ಕಟುಕ ಪಕ್ಕದವನಿಗೆ ಹೇಳಿದ. ಎಲ್ಲರೂ ತಲೆಯಾಡಿಸಿದರು.

ಮೇಷ್ಟ್ರು ಎದ್ದು, ಪುಟ್ಟ ಬಾಗಿಲಿನಿಂದ ಹೊರಗೆ ಬಂದು, ಕಿಟಕಿಯ ಮುಂದೆ ನಿಂತು ಕರವಸ್ತ್ರವನ್ನು ಹಿಂದಕ್ಕೆ ಪಡೆದರು. ಆಮೇಲೆ ಬೆಂಚಿನ ಮೇಲೆ ಲಾರಿ ಚಾಲಕನ ಪಕ್ಕ ಸ್ವಲ್ಪ ಜಾಗ ಮಾಡಿಸಿಕೊಂಡು ಕೂತು, ದಾರದ ತುದಿ ಹುಡುಕತೊಡಗಿದರು.